‘ದಿ ಸೇಂಟ್ ವ್ಯಾಲೆಂಟೈನ್ಸ್ ಡೇ ಮ್ಯಾಸಕರ್’ (1967): ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಂಗ್‌ಸ್ಟರ್ ಚಿತ್ರಗಳ ಮಾತು ಬಂದಾಗ ಹತ್ತು ಹೆಸರು ಹೇಳುವವರೂ ಈ ಚಿತ್ರದ ಹೆಸರೆತ್ತುವುದಿಲ್ಲ. ನೋಡಿ ಎಂದು ನಾನು ಒತ್ತಾಯಿಸಿದವರೆಲ್ಲ ನೋಡುವ ಮೊದಲು ಕೆಲವು ಪ್ರಶ್ನೆ, ನೋಡಿದ ಮೇಲೆ ಇನ್ನಷ್ಟು ಪ್ರಶ್ನೆ ಕೇಳಿದ್ದಾರೆ. ಅವನ್ನೆಲ್ಲ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕಥೆಯ ಅಂತ್ಯವನ್ನು ಮುಚ್ಚಿಟ್ಟಿಲ್ಲ. ಹೆಸರಿನಲ್ಲೇ ಹತ್ಯಾಕಾಂಡವನ್ನು ಇಟ್ಟುಕೊಂಡ ಈ ಚಿತ್ರ ತಾನೂ ಅದನ್ನು ಮುಚ್ಚಿಡುವುದಿಲ್ಲ.

ಇದು ಯಾವ ಚಿತ್ರ? ಯಾರು ಮಾಡಿದ್ದು?

1967ರ ಬೇಸಿಗೆಯಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಬಿಡುಗಡೆ ಮಾಡಿದ ಚಿತ್ರ. ವರ್ಣಚಿತ್ರ, ಅವಧಿ 100 ನಿಮಿಷ. ನಿರ್ದೇಶಕ ರೋಜರ್ ಕಾರ್ಮನ್. ಚಿತ್ರಕಥೆ ಹೋವರ್ಡ್ ಬ್ರೌನ್ ಅವರದು. ಶಿಕಾಗೊದ ಪಾತಕಿ ಗುಂಪೊಂದರ ನಾಯಕ ಅಲ್ ಕಪೋನ್ ಪಾತ್ರದಲ್ಲಿ ಜೇಸನ್ ರೋಬಾರ್ಡ್ಸ್, ಅವನ ವೈರಿ ಬಗ್ಸ್ ಮೊರಾನ್ ಪಾತ್ರದಲ್ಲಿ ರಾಲ್ಫ್ ಮೀಕರ್, ಮೊರಾನ್‌ನ ಬಲಗೈಯಂತಿದ್ದ ಪೀಟರ್ ಗುಸೆನ್‌ಬರ್ಗ್ ಪಾತ್ರದಲ್ಲಿ ಜಾರ್ಜ್ ಸೀಗಲ್ ನಟಿಸಿದ್ದಾರೆ. ಕಾರ್ಮನ್ ಎಂದರೆ ಕೆಲವೇ ದಿನಗಳಲ್ಲಿ, ಕೆಲವೇ ಕಾಸಿನಲ್ಲಿ ಭಯಾನಕ ಚಿತ್ರಗಳನ್ನು ಮುಗಿಸುವ ಮನುಷ್ಯ ಎಂದು ಹಾಲಿವುಡ್ ಆಗ ತಿಳಿದಿತ್ತು. ಅಂಥವರ ಕೈಗೆ ಒಂದು ದೊಡ್ಡ ಸ್ಟುಡಿಯೊ ತನ್ನ ಹಣ, ತನ್ನ ಸೆಟ್ಟುಗಳು, ತನ್ನ ತಂತ್ರಜ್ಞರನ್ನು ಕೊಟ್ಟಿತು.

ನಿಜವಾಗಿ ನಡೆದದ್ದೇನು?

1929ರ ಫೆಬ್ರುವರಿ 14, ಗುರುವಾರ, ಬೆಳಿಗ್ಗೆ ಸುಮಾರು ಹತ್ತೂವರೆ. ಶಿಕಾಗೊ ನಗರದ ಉತ್ತರ ಭಾಗದಲ್ಲಿ, 2122 ನಾರ್ತ್ ಕ್ಲಾರ್ಕ್ ಸ್ಟ್ರೀಟ್ ವಿಳಾಸದಲ್ಲಿ ಎಸ್‌ಎಂಸಿ ಕಾರ್ಟೇಜ್ ಕಂಪನಿ ಎಂಬ ಫಲಕ ಹೊತ್ತ ಗ್ಯಾರೇಜ್. ಹೊರಗಿನವರಿಗೆ ಅದು ಸರಕು ಸಾಗಣೆಯ ಕಂಪನಿ. ಒಳಗೆ ಬಗ್ಸ್ ಮೊರಾನ್‌ನ ಗುಂಪು ಕಳ್ಳ ಮದ್ಯದ ಲಾರಿಗಳನ್ನು ನಿಲ್ಲಿಸುತ್ತಿದ್ದ ಜಾಗ. ಆ ಚಳಿಯ ಬೆಳಿಗ್ಗೆ ಅಲ್ಲಿ ಏಳು ಮಂದಿ ಇದ್ದರು.

ಪೊಲೀಸರ ಕಾರಿನಂತೆಯೇ ಕಾಣುವ ಕ್ಯಾಡಿಲಾಕ್ ಒಂದು ಬಂದು ನಿಂತಿತು. ಅದರಿಂದ ಇಳಿದು ಒಳಹೊಕ್ಕವರಲ್ಲಿ ಇಬ್ಬರ ಮೈಮೇಲೆ ಪೊಲೀಸ್ ಸಮವಸ್ತ್ರವಿತ್ತು. ಮಾಮೂಲಿ ದಾಳಿ ಎಂದುಕೊಂಡ ಏಳು ಜನ ತಕರಾರಿಲ್ಲದೆ ಗೋಡೆಗೆ ಮುಖ ಮಾಡಿ ನಿಂತರು. ಎರಡು ಥಾಂಪ್ಸನ್ ಮೆಷಿನ್ ಗನ್‌ಗಳಿಂದ 70 ಗುಂಡುಗಳು ಹಾರಿದವು. ಜೊತೆಗೆ ಶಾಟ್‌ಗನ್ ಕೂಡ. ಮುಗಿದ ಮೇಲೆ ಕೊಲೆಗಾರರಲ್ಲೇ ಮಾಮೂಲಿ ಉಡುಪಿನಲ್ಲಿದ್ದ ಇಬ್ಬರು ಕೈ ಮೇಲೆತ್ತಿ ಹೊರಬಂದರು. ಅವರ ಬೆನ್ನಿಗೆ ಬಂದೂಕು ಹಿಡಿದು ‘ಪೊಲೀಸರು’ ಬಂದರು. ಸದ್ದು ಕೇಳಿ ಕಿಟಕಿಯಿಂದ ಇಣುಕಿದವರಿಗೆ ಯಾರನ್ನೋ ಬಂಧಿಸಿ ಕರೆದೊಯ್ಯುತ್ತಿರುವಂತೆ ಕಂಡಿತು. ಕಾರು ಹೊರಟುಹೋಯಿತು.

ಒಳಗೆ ಕಟ್ಟಿಹಾಕಿದ್ದ ಹೈಬಾಲ್ ಎಂಬ ನಾಯಿ ಮಾತ್ರ ಒಂದೇ ಸಮನೆ ಊಳಿಡುತ್ತಿತ್ತು. ಜನ ಒಳಹೋಗಿ ನೋಡಿದ್ದು ಆಮೇಲೆ.

ಏಳು ಜನರಲ್ಲಿ ಫ್ರಾಂಕ್ ಗುಸೆನ್‌ಬರ್ಗ್ ಒಬ್ಬ ಹದಿನಾಲ್ಕು ಗುಂಡು ತಗುಲಿಯೂ ಇನ್ನೂ ಉಸಿರಾಡುತ್ತಿದ್ದ. ಆಸ್ಪತ್ರೆಯಲ್ಲಿ ಪೊಲೀಸ್ ಅಧಿಕಾರಿ ಯಾರು ಹೊಡೆದದ್ದೆಂದು ಕೇಳಿದಾಗ, ಯಾರೂ ಹೊಡೆದಿಲ್ಲ ಎಂದನೆಂದು ಅಂದಿನ ವರದಿಗಳು ಹೇಳುತ್ತವೆ. ಕೆಲವೇ ಗಂಟೆಗಳಲ್ಲಿ ಅವನೂ ಸತ್ತ.

ಇಷ್ಟೆಲ್ಲ ನಡೆದದ್ದು ಮದ್ಯಕ್ಕಾಗಿಯೇ? ಅಲ್ಲಿನ ಪಾನನಿಷೇಧ ಹೇಗಿತ್ತು?

ಭಾರತದಲ್ಲಿ ಪಾನನಿಷೇಧ ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ಗುಜರಾತಿನಲ್ಲಿದೆ, ಬಿಹಾರದಲ್ಲಿದೆ, ಪಕ್ಕದ ರಾಜ್ಯದಲ್ಲಿ ಇಲ್ಲ. ಅಮೆರಿಕ ಅದನ್ನು ಸಂವಿಧಾನದೊಳಗೇ ಬರೆದು ಇಡೀ ದೇಶಕ್ಕೆ ಅನ್ವಯಿಸಿತು. 18ನೆಯ ತಿದ್ದುಪಡಿ 1920ರ ಜನವರಿ 17ರಿಂದ ಜಾರಿಗೆ ಬಂತು. ಮದ್ಯ ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧವಾಯಿತು. ಕುಡಿಯುವುದು ಮಾತ್ರ ಅಪರಾಧವಾಗಲಿಲ್ಲ. ಶೇಕಡಾ ಅರ್ಧಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯವೆಲ್ಲ ಮದ್ಯವೇ ಎಂದು ವೋಲ್‌ಸ್ಟೆಡ್ ಕಾಯ್ದೆ ಹೇಳಿತು. ವೈದ್ಯರ ಚೀಟಿಯ ಮೇಲೆ ಸಿಗುವ ವಿಸ್ಕಿಗೂ ಚರ್ಚಿನ ಪೂಜೆಯ ದ್ರಾಕ್ಷಾರಸಕ್ಕೂ ವಿನಾಯಿತಿ ಇತ್ತು.

ಕೊಳ್ಳುವವರು ಕಡಿಮೆಯಾಗಲಿಲ್ಲ. ಮಾರುವವರು ಬದಲಾದರು, ಅಷ್ಟೆ. ಪಕ್ಕದ ಕೆನಡಾದಿಂದ ನದಿ ದಾಟಿ ಡೆಟ್ರಾಯಿಟ್‌ಗೆ ವಿಸ್ಕಿ ಬರುತ್ತಿತ್ತು, ಅಲ್ಲಿಂದ ಶಿಕಾಗೊಗೆ. ಬಿಯರ್ ಅನ್ನು ಊರೊಳಗೇ ಕದ್ದು ತಯಾರಿಸುತ್ತಿದ್ದರು. ಪೊಲೀಸರಿಂದ ರಾಜಕಾರಣಿಗಳವರೆಗೆ ಎಲ್ಲರಿಗೂ ಮಾಮೂಲು ಹೋಗುತ್ತಿತ್ತು. ಸರಕು ಕಳುವಾದರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುವಂತಿಲ್ಲ, ಒಪ್ಪಂದ ಮುರಿದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಾಗಾಗಿ ಪ್ರತಿ ಜಗಳವೂ ಬಂದೂಕಿನಲ್ಲೇ ತೀರಬೇಕಾಯಿತು. ಈ ಒಂದು ಕಾರಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಿತ್ರದ ಪ್ರತಿ ಹೆಣದ ಲೆಕ್ಕವೂ ಅರ್ಥವಾಗುತ್ತದೆ.

ಪಾನನಿಷೇಧ ಜಾರಿಗೆ ಬಂದ ದಿನ ಕಪೋನ್‌ಗೆ ಸರಿಯಾಗಿ 21 ತುಂಬಿತು. ಅವನು ಹುಟ್ಟಿದ್ದು 1899ರ ಜನವರಿ 17ರಂದು. ನಿಷೇಧ ರದ್ದಾದದ್ದು 1933ರ ಡಿಸೆಂಬರ್ 5ರಂದು. ಆ ಹೊತ್ತಿಗೆ ಅವನು ಜೈಲಿನಲ್ಲಿದ್ದ.

ಕಪೋನ್‌ಗೂ ಮೊರಾನ್‌ಗೂ ಯಾಕೆ ಅಷ್ಟು ಹಗೆ?

ಇಬ್ಬರ ನಡುವಿನ ವೈಯಕ್ತಿಕ ಹಗೆಗಿಂತ ಇದು ಎರಡು ಗುಂಪುಗಳ ಐದು ವರ್ಷದ ಲೆಕ್ಕ. ದಕ್ಷಿಣ ಶಿಕಾಗೊದಲ್ಲಿ ಜಾನಿ ಟೊರಿಯೊ, ಅವನ ಕೈಕೆಳಗೆ ಕಪೋನ್. ಉತ್ತರದಲ್ಲಿ ಹೂವಿನ ಅಂಗಡಿ ಇಟ್ಟುಕೊಂಡಿದ್ದ ಡಿಯಾನ್ ಒಬಾನಿಯನ್. 1924ರ ನವೆಂಬರ್ 10ರಂದು ಒಬಾನಿಯನ್‌ನನ್ನು ಅವನ ಅಂಗಡಿಯಲ್ಲೇ, ಹೂಗಳ ನಡುವೆಯೇ ಕೊಂದರು. 1925ರ ಜನವರಿಯಲ್ಲಿ ಉತ್ತರದವರು ಟೊರಿಯೊಗೆ ಗುಂಡಿಕ್ಕಿದರು. ಅವನು ಬದುಕಿಕೊಂಡರೂ ಊರು ಬಿಟ್ಟ. ಗದ್ದುಗೆ ಕಪೋನ್‌ಗೆ ಬಂತು. 1926ರ ಸೆಪ್ಟೆಂಬರ್ 20ರಂದು ಒಬಾನಿಯನ್‌ನ ಉತ್ತರಾಧಿಕಾರಿ ಹೈಮಿ ವೈಸ್‌ನ ಗುಂಪು ಸಾಲು ಕಾರುಗಳಲ್ಲಿ ಬಂದು, ಸಿಸೆರೊ ಪಟ್ಟಣದಲ್ಲಿ ಕಪೋನ್ ಊಟಕ್ಕೆ ಕುಳಿತಿದ್ದ ಹಾಥಾರ್ನ್ ಹೋಟೆಲಿನ ಮೇಲೆ ಗುಂಡಿನ ಮಳೆಗರೆಯಿತು. ಕಪೋನ್ ನೆಲಕ್ಕೆ ಬಿದ್ದು ಉಳಿದ. ಸರಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 11ರಂದು, ವೈಸ್ ಸತ್ತ. ಅವನ ನಂತರ ಬಂದ ವಿನ್ಸೆಂಟ್ ಡ್ರುಚ್ಚಿ 1927ರಲ್ಲಿ ಪೊಲೀಸನ ಗುಂಡಿಗೆ ಬಲಿಯಾದ. ಕೊನೆಗೆ ಉಳಿದದ್ದು ಮೊರಾನ್. 1929ರ ಜನವರಿ 8ರಂದು ಕಪೋನ್‌ನ ಆಪ್ತ ಪ್ಯಾಟ್ಸಿ ಲೊಲಾರ್ಡೊ ತನ್ನ ಮನೆಯಲ್ಲೇ ಕೊಲೆಯಾದ. ಐದೇ ವಾರದ ನಂತರ ಗ್ಯಾರೇಜಿನ ಘಟನೆ.

ವೈಸ್‌ನನ್ನು ಕೊಂದ ಬಗೆಯನ್ನು ಇಲ್ಲಿ ನೆನಪಿಡಬೇಕು. ಕೊಲೆಗಾರರು ಅವನ ಅಡ್ಡೆ ಕಾಣುವಂತೆ ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿದು, ಕಿಟಕಿಯ ಬಳಿ ಕುಳಿತು ದಿನಗಟ್ಟಲೆ ಕಾದಿದ್ದರು. ಕ್ಲಾರ್ಕ್ ಬೀದಿಯಲ್ಲೂ ಅದೇ ಉಪಾಯ: ಗ್ಯಾರೇಜಿನ ಎದುರಿನ ಮನೆಗಳಲ್ಲಿ ಬಾಡಿಗೆ ಕೊಠಡಿ, ಕಿಟಕಿಯಲ್ಲಿ ಕಣ್ಣು. ಚಿತ್ರ ಈ ಕಾಯುವಿಕೆಯನ್ನು ಬಹಳ ಚೆನ್ನಾಗಿ ಹಿಡಿದಿದೆ. ಇಲ್ಲಿ ಕೊಲೆ ಎಂಬುದು ಸಿಟ್ಟಿನ ಭರದಲ್ಲಿ ಆಗುವುದಲ್ಲ. ಬಾಡಿಗೆ ಕಟ್ಟಿ, ಬಟ್ಟೆ ಹೊಲಿಸಿ, ಕಾರು ಹೊಂದಿಸಿ, ಹೊತ್ತು ಗೊತ್ತುಮಾಡಿ ನಡೆಸುವ ಕೆಲಸ.

ಸತ್ತವರು ಯಾರು? ಎಲ್ಲರೂ ರೌಡಿಗಳೇ?

ಅಲ್ಲ. ನಾನು ಈ ಚಿತ್ರವನ್ನು ಇಷ್ಟು ಮೆಚ್ಚುವುದಕ್ಕೆ ಕಾರಣವೇ ಈ ಪ್ರಶ್ನೆಗೆ ಅದು ಕೊಡುವ ಉತ್ತರ.

ಪೀಟರ್ ಮತ್ತು ಫ್ರಾಂಕ್ ಗುಸೆನ್‌ಬರ್ಗ್ ಅಣ್ಣತಮ್ಮಂದಿರು, ಇಬ್ಬರೂ ಕೊಲೆಗೆ ಹೇಸದವರು. ಜೇಮ್ಸ್ ಕ್ಲಾರ್ಕ್ ಎಂಬ ಹೆಸರಿನಲ್ಲಿದ್ದ ಆಲ್ಬರ್ಟ್ ಕಚೆಲೆಕ್ ಗುಂಪಿನ ಹಳೆಯ ಕೈ. ಆಡಮ್ ಹೇಯರ್ ಲೆಕ್ಕಪತ್ರ, ವ್ಯವಹಾರ ನೋಡಿಕೊಳ್ಳುತ್ತಿದ್ದ. ಆಲ್ಬರ್ಟ್ ವೈನ್‌ಶಾಂಕ್ ಬಟ್ಟೆ ಒಗೆದು ಬಣ್ಣ ಹಾಕುವ ಉದ್ಯಮದಲ್ಲಿ ಮೊರಾನ್ ಪರವಾಗಿ ಕೆಲಸ ಮಾಡುತ್ತಿದ್ದ. ಇಷ್ಟು ಐದು ಜನ.

ಉಳಿದವರಲ್ಲಿ ಒಬ್ಬ ರೈನ್‌ಹಾರ್ಟ್ ಶ್ವಿಮ್ಮರ್. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ಅವನ ವೃತ್ತಿ. ಅದನ್ನು ಬಿಟ್ಟು ಕುದುರೆ ಜೂಜಿಗೆ ಬಿದ್ದ, ರೌಡಿಗಳ ಸಹವಾಸದ ರೋಮಾಂಚನಕ್ಕೆ ಮರುಳಾದ. ಅವನು ಯಾರಿಗೂ ಗುಂಡು ಹೊಡೆದವನಲ್ಲ. ಇನ್ನೊಬ್ಬ ಜಾನ್ ಮೇ, ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಹಿಂದೆ ತಪ್ಪು ದಾರಿ ತುಳಿದಿದ್ದರೂ ಆ ಬೆಳಿಗ್ಗೆ ಅವನು ಸಾಯಲು ಇದ್ದ ಕಾರಣ ಒಂದೇ: ಅಲ್ಲಿ ಅವನಿಗೆ ಕೆಲಸವಿತ್ತು, ಮನೆಯಲ್ಲಿ ತುಂಬಿದ ಸಂಸಾರವಿತ್ತು. ಊಳಿಟ್ಟ ನಾಯಿ ಹೈಬಾಲ್ ಅವನದೇ.

ಚಿತ್ರದಲ್ಲಿ ಮೇ ಪಾತ್ರವನ್ನು ಬ್ರೂಸ್ ಡರ್ನ್ ಮಾಡಿದ್ದಾರೆ. ಹೆಚ್ಚು ಹೊತ್ತಿನ ಪಾತ್ರವಲ್ಲ. ಆದರೂ ಹೆಸರುವಾಸಿ ರೌಡಿಗಳ ಬದಲು ಅವನ ಮುಖ ಮನಸ್ಸಿನಲ್ಲಿ ನಿಲ್ಲುತ್ತದೆ. ಬೇರೆ ಚಿತ್ರಗಳಾದರೆ ಇಂಥವನು ‘ಸತ್ತ ಇತರರು’ ಎಂಬ ಪಟ್ಟಿಗೆ ಸೇರುತ್ತಿದ್ದ. ಇಲ್ಲಿ ಏಳು ಜನಕ್ಕೂ ಹೆಸರಿದೆ, ಕಸುಬಿದೆ, ಕೊನೆಯ ಬೆಳಗೊಂದಿದೆ.

ಯಾರಿಗಾಗಿ ಬಂದರೋ ಆ ಮೊರಾನ್ ಬದುಕಿದ್ದು ಹೇಗೆ?

ತಡವಾಗಿ ಬಂದದ್ದರಿಂದ. ಕಿಟಕಿಯಲ್ಲಿ ಕಾಯುತ್ತಿದ್ದವರು ಮೈಕಟ್ಟು, ಉಡುಪು ಎರಡರಲ್ಲೂ ಮೊರಾನ್‌ನನ್ನು ಹೋಲುತ್ತಿದ್ದ ವೈನ್‌ಶಾಂಕ್ ಒಳಗೆ ಹೋದದ್ದನ್ನು ನೋಡಿ ಇವನೇ ಎಂದು ಸೂಚನೆ ಕೊಟ್ಟರು. ಮೊರಾನ್ ಸಂಗಡಿಗನೊಂದಿಗೆ ಗ್ಯಾರೇಜಿನತ್ತ ಬರುವಾಗ ಪೊಲೀಸ್ ಕಾರು ಕಂಡು ದಾಳಿ ಇರಬೇಕೆಂದು ಹಿಂದಿರುಗಿಬಿಟ್ಟ. ಇಷ್ಟು ಕರಾರುವಾಕ್ಕಾಗಿ ಹೂಡಿದ ಸಂಚು ತನ್ನ ಮುಖ್ಯ ಗುರಿಯನ್ನೇ ತಪ್ಪಿಸಿಕೊಂಡಿತು. ಆದರೂ ಮೊರಾನ್‌ನ ಗುಂಪು ಮತ್ತೆ ಮೊದಲಿನಂತೆ ಎದ್ದು ನಿಲ್ಲಲಿಲ್ಲ. ಮುಂದೆ ಅವನು ದರೋಡೆ ಪ್ರಕರಣಗಳಲ್ಲಿ ಸಿಕ್ಕಿ 1957ರಲ್ಲಿ ಲೆವೆನ್‌ವರ್ತ್ ಜೈಲಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ.

ಕೊಲೆಗಾರರು ಸಿಕ್ಕಿಬಿದ್ದರೇ?

ಈ ಹತ್ಯೆಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಆ ದಿನ ಕಪೋನ್ ಫ್ಲಾರಿಡಾದಲ್ಲಿದ್ದ. ಅವನ ಬಂಟ ಜ್ಯಾಕ್ ಮೆಕ್‌ಗರ್ನ್ ಮೇಲೆ ಆರೋಪ ಹೊರಿಸಿದರು. ಆ ಬೆಳಿಗ್ಗೆ ಅವನು ತನ್ನೊಂದಿಗೆ ಹೋಟೆಲಿನಲ್ಲಿದ್ದನೆಂದು ಅವನ ಗೆಳತಿ ಲೂಯಿಸ್ ರಾಲ್ಫ್ ಹೇಳಿದಳು, ಮುಂದೆ ಅವಳನ್ನೇ ಅವನು ಮದುವೆಯಾದ, ಮೊಕದ್ದಮೆ ಬಿದ್ದುಹೋಯಿತು. ಮೆಕ್‌ಗರ್ನ್‌ನನ್ನು 1936ರ ಫೆಬ್ರುವರಿ 15ರಂದು ಒಂದು ಬೌಲಿಂಗ್ ಆಟದ ಮನೆಯಲ್ಲಿ ಯಾರೋ ಗುಂಡಿಟ್ಟು ಕೊಂದರು.

ಹತ್ಯೆಗೆ ಬಳಸಿದ ಕ್ಯಾಡಿಲಾಕ್ ಕಾರು ಕೆಲವೇ ದಿನಗಳಲ್ಲಿ ಬೇರೊಂದು ಗ್ಯಾರೇಜಿನಲ್ಲಿ ಕತ್ತರಿಸಿ ಸುಟ್ಟ ಸ್ಥಿತಿಯಲ್ಲಿ ಸಿಕ್ಕಿತು. ನಿಜವಾದ ಸುಳಿವು ಬಂದದ್ದು ಬೇರೆ ರಾಜ್ಯದಿಂದ. 1929ರ ಡಿಸೆಂಬರ್‌ನಲ್ಲಿ ಮಿಷಿಗನ್‌ನ ಸೇಂಟ್ ಜೋಸೆಫ್ ಪಟ್ಟಣದಲ್ಲಿ ಸಣ್ಣದೊಂದು ಕಾರು ಅಪಘಾತದ ಜಗಳ ಬಿಡಿಸಲು ಹೋದ ಚಾರ್ಲ್ಸ್ ಸ್ಕೆಲ್ಲಿ ಎಂಬ ಯುವ ಪೊಲೀಸನನ್ನು ಒಬ್ಬ ಗುಂಡಿಟ್ಟು ಕೊಂದ. ಅವನ ಮನೆಯನ್ನು ಶೋಧಿಸಿದಾಗ ಎರಡು ಥಾಂಪ್ಸನ್ ಗನ್‌ಗಳು ಸಿಕ್ಕವು. ಅವನು ಫ್ರೆಡ್ ಬರ್ಕ್ ಎಂಬ ಬಾಡಿಗೆ ಕೊಲೆಗಾರ ಎಂಬುದು ಆಗ ತಿಳಿಯಿತು. ಗುಂಡು ಮತ್ತು ತೋಟೆಗಳ ಪರೀಕ್ಷೆಯಲ್ಲಿ ಪರಿಣತರಾಗಿದ್ದ ಕ್ಯಾಲ್ವಿನ್ ಗೊಡ್ಡಾರ್ಡ್ ಅವುಗಳನ್ನು ಪರೀಕ್ಷಿಸಿ, ಕ್ಲಾರ್ಕ್ ಬೀದಿಯ ಗುಂಡುಗಳು ಈ ಎರಡರಿಂದಲೇ ಹಾರಿದ್ದು ಎಂದು ತೋರಿಸಿದರು. ಅದರಲ್ಲೊಂದು ಗನ್ 1928ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪಾತಕಿ ಫ್ರಾಂಕಿ ಯೇಲ್‌ನ ಹತ್ಯೆಯಲ್ಲೂ ಬಳಕೆಯಾಗಿತ್ತು.

ಗೊಡ್ಡಾರ್ಡ್ ಅದಕ್ಕೂ ಮೊದಲು ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದೆನಿಸುತ್ತದೆ. ಸಮವಸ್ತ್ರ ಕಂಡವರು ಕೊಂದದ್ದು ನಿಜವಾದ ಪೊಲೀಸರೇ ಇರಬಹುದೆಂದು ಶಂಕಿಸಿದ್ದರು. ಶಿಕಾಗೊ ಪೊಲೀಸರ ಅಂದಿನ ಹೆಸರು ಆ ಶಂಕೆಗೆ ತಕ್ಕಂತೆಯೇ ಇತ್ತು. ಗೊಡ್ಡಾರ್ಡ್ ಪೊಲೀಸ್ ಇಲಾಖೆಯ ಥಾಂಪ್ಸನ್ ಗನ್‌ಗಳಿಂದ ಗುಂಡು ಹಾರಿಸಿ ಹೋಲಿಸಿ ನೋಡಿ, ಅವು ಯಾವುವೂ ಅಲ್ಲ ಎಂದು ಸ್ಪಷ್ಟಪಡಿಸಿದರು. ಈ ಪ್ರಕರಣದಿಂದಾಗಿಯೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಪತ್ತೆಯ ವೈಜ್ಞಾನಿಕ ಪ್ರಯೋಗಾಲಯ ತೆರೆಯಿತು.

ಬರ್ಕ್ 1931ರಲ್ಲಿ ಸಿಕ್ಕಿಬಿದ್ದ. ಜೀವಾವಧಿ ಶಿಕ್ಷೆಯಾದದ್ದು ಸ್ಕೆಲ್ಲಿಯ ಕೊಲೆಗೆ. ಕ್ಲಾರ್ಕ್ ಬೀದಿಯ ಏಳು ಜೀವಗಳ ವಿಚಾರಣೆ ಅವನ ಮೇಲೆ ನಡೆಯಲೇ ಇಲ್ಲ. 1940ರಲ್ಲಿ ಜೈಲಿನಲ್ಲೇ ಸತ್ತ. ಕಪೋನ್‌ಗೆ 1931ರ ಅಕ್ಟೋಬರ್‌ನಲ್ಲಿ 11 ವರ್ಷದ ಸಜೆಯಾದದ್ದು ಆದಾಯ ತೆರಿಗೆ ವಂಚನೆಗೆ.

ಚಿತ್ರದಲ್ಲಿ ತೋರಿಸಿದ್ದೆಲ್ಲ ನಿಜವೇ?

ಚೌಕಟ್ಟು ನಿಜ. ಹೂವಿನ ಅಂಗಡಿಯ ಕೊಲೆ, ಹಾಥಾರ್ನ್ ಹೋಟೆಲಿನ ದಾಳಿ, ಲೊಲಾರ್ಡೊ ಹತ್ಯೆ, ಬಾಡಿಗೆ ಕೊಠಡಿ, ಸಮವಸ್ತ್ರ, ವೈನ್‌ಶಾಂಕ್‌ನ ಚಹರೆಯ ಗೊಂದಲ ಎಲ್ಲವೂ ದಾಖಲೆಯಲ್ಲಿದ್ದುದೇ. ಬ್ರೌನ್ ಇದೇ ವಿಷಯದ ಮೇಲೆ 1958ರಲ್ಲೇ ಒಂದು ಟೆಲಿವಿಷನ್ ನಾಟಕ ಬರೆದಿದ್ದರು, ಹಾಗಾಗಿ ವಿವರಗಳು ಅವರ ಕೈಯಲ್ಲಿ ಪಳಗಿದ್ದವು. ಕೊಲೆಯ ದೃಶ್ಯದಲ್ಲಿ ನಟರು ಬಿದ್ದಿರುವ ಭಂಗಿಗಳನ್ನು ಅಂದಿನ ಪತ್ರಿಕಾ ಛಾಯಾಚಿತ್ರಗಳನ್ನು ನೋಡಿ ಹೊಂದಿಸಿದ್ದಾರೆ.

ಮಾತುಗಳು ಸಹಜವಾಗಿಯೇ ಬ್ರೌನ್ ಕಲ್ಪನೆ. ಗ್ಯಾರೇಜಿಗೆ ಏಳು ಜನ ಯಾಕೆ ಬಂದಿದ್ದರು ಎಂಬುದಕ್ಕೆ ಚಿತ್ರ ಹಿಡಿದಿರುವುದು ಜನಪ್ರಿಯ ವಿವರಣೆಯನ್ನು: ಕದ್ದ ವಿಸ್ಕಿ ಅಗ್ಗಕ್ಕೆ ಬರುತ್ತದೆ ಎಂಬ ಆಮಿಷ. ಇತಿಹಾಸಕಾರರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಹೆಚ್ಚಿನವರು ಒಳ್ಳೆಯ ಸೂಟು ತೊಟ್ಟು ಬಂದಿದ್ದರು. ಲಾರಿಯಿಂದ ಪೆಟ್ಟಿಗೆ ಇಳಿಸಲು ಯಾರೂ ಹಾಗೆ ಬರುವುದಿಲ್ಲ ಎಂಬುದು ಅವರ ವಾದ. ನನಗೂ ಅದೇ ಸರಿ ಎನಿಸುತ್ತದೆ. ಗುಂಡು ಹಾರಿಸಿದವರು ಯಾರು ಎಂಬುದರ ಬಗ್ಗೆಯೂ ಚಿತ್ರದ ಉತ್ತರವನ್ನು ಅಂತಿಮವೆಂದು ಹಿಡಿಯಬೇಡಿ.

ನಿರೂಪಕನ ಧ್ವನಿ ಕಿರಿಕಿರಿ ಮಾಡುವುದಿಲ್ಲವೇ?

ಅನೇಕರಿಗೆ ಮಾಡುತ್ತದೆ. ನನ್ನ ಮಟ್ಟಿಗೆ ಚಿತ್ರದ ಜೀವವೇ ಅದು.

ಪಾಲ್ ಫ್ರೀಸ್ ಅವರ ಗಡಸು ಕಂಠ ಒಬ್ಬೊಬ್ಬರು ಪರದೆಯ ಮೇಲೆ ಬರುವಾಗಲೂ ಅವರ ಹುಟ್ಟು, ಹಿಂದಿನ ಅಪರಾಧಗಳನ್ನು ಓದಿ ಹೇಳುತ್ತದೆ. ಮುಂದೆ ಅವರಿಗೆ ಕಾದಿರುವುದನ್ನೂ ಹೇಳಿಬಿಡುತ್ತದೆ. ಎದುರಿಗೆ ನಗುತ್ತಿರುವವನು ಯಾವಾಗ, ಎಲ್ಲಿ ಸಾಯುತ್ತಾನೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವನು ಕಾಫಿ ಕುಡಿದರೂ, ಟೋಪಿ ಸರಿಮಾಡಿಕೊಂಡರೂ ನಮಗೆ ಎದೆ ಭಾರವಾಗುತ್ತದೆ. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಕಿತ್ತುಕೊಂಡು, ಹೊತ್ತು ಸಮೀಪಿಸುತ್ತಿದೆ ಎಂಬ ಕಳವಳವನ್ನು ಕೊಡುವ ಈ ಕ್ರಮ ನಮ್ಮ ಹರಿಕಥೆ ಕೇಳಿ ಬೆಳೆದವರಿಗೆ ಹೊಸದೇನಲ್ಲ. ಚಕ್ರವ್ಯೂಹದಲ್ಲಿ ಅಭಿಮನ್ಯು ಬದುಕುವುದಿಲ್ಲವೆಂದು ಗೊತ್ತಿದ್ದೂ ನಾವು ಕಣ್ಣರಳಿಸಿ ಕೂರುತ್ತೇವೆ.

ಅಷ್ಟೇ ಅಲ್ಲ, ಈ ಧ್ವನಿ ರೌಡಿಗಳಿಗೆ ವೈಭವ ಕೊಡಲು ನಿರಾಕರಿಸುತ್ತದೆ. ಪೊಲೀಸ್ ಕಡತ ಓದಿದಂತೆ ಓದುತ್ತದೆ. ಕಪೋನ್‌ನ ಸಭೆ, ಮೊರಾನ್‌ನ ಸಭೆ ಎರಡನ್ನೂ ಕಾರ್ಮನ್ ಒಂದು ಕಂಪನಿಯ ಆಡಳಿತ ಮಂಡಳಿಯ ಸಭೆಯಂತೆ ಚಿತ್ರಿಸಿರುವುದಕ್ಕೆ ಈ ಓದು ಸರಿಯಾಗಿ ಹೊಂದುತ್ತದೆ. ಮೇಜಿನ ಸುತ್ತ ಕುಳಿತವರು ಮಾರುಕಟ್ಟೆ, ನಷ್ಟ, ಪ್ರತಿಸ್ಪರ್ಧಿ ಎಂದು ಮಾತಾಡುತ್ತಾರೆ. ನಿರ್ಣಯ ಮಾತ್ರ ಕೊಲೆಯದು.

ರೋಬಾರ್ಡ್ಸ್ ಕಪೋನ್‌ನಂತೆ ಕಾಣುವುದೇ ಇಲ್ಲವಲ್ಲ?

ಕಾಣುವುದಿಲ್ಲ, ನಿಜ. ಕಪೋನ್ ದಪ್ಪ ಕುತ್ತಿಗೆಯ, ಗುಂಡು ಮುಖದ ಮನುಷ್ಯ. ರೋಬಾರ್ಡ್ಸ್ ತೆಳ್ಳನೆಯ ದೇಹದ, ಉದ್ದ ಮುಖದ ನಟ. ಕಾರ್ಮನ್ ಮೊದಲು ಕಪೋನ್ ಪಾತ್ರಕ್ಕೆ ಬಯಸಿದ್ದು ಆರ್ಸನ್ ವೆಲ್ಸ್ ಅವರನ್ನು, ರೋಬಾರ್ಡ್ಸ್‌ಗೆ ಮೊರಾನ್ ಪಾತ್ರ ಎಂದುಕೊಂಡಿದ್ದರು. ವೆಲ್ಸ್ ನಿರ್ದೇಶಕರ ಮಾತು ಕೇಳುವವರಲ್ಲ ಎಂಬ ಹೆದರಿಕೆಯಿಂದ ಸ್ಟುಡಿಯೊ ಒಪ್ಪಲಿಲ್ಲ. ರೋಬಾರ್ಡ್ಸ್ ಕಪೋನ್ ಆದರು, ಮೊರಾನ್ ಪಾತ್ರ ಮೀಕರ್‌ಗೆ ಹೋಯಿತು.

ವೆಲ್ಸ್ ಇದ್ದಿದ್ದರೆ ಅದು ಕಪೋನ್‌ನ ಚಿತ್ರವಾಗಿಬಿಡುತ್ತಿತ್ತು, ಏಳು ಜನರ ಚಿತ್ರವಾಗಿ ಉಳಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ರೋಬಾರ್ಡ್ಸ್ ಕೆಲವೆಡೆ ಅತಿಯಾಗಿ ಅಬ್ಬರಿಸುತ್ತಾರೆ. ಆ ಸಭೆಯ ದೃಶ್ಯದಲ್ಲಿ ಸ್ವಲ್ಪ ತಗ್ಗಿಸಬಹುದಿತ್ತು. ಆದರೆ ಅಬ್ಬರದ ನಡುವೆ ಥಟ್ಟನೆ ತಣ್ಣಗಾಗಿ ಮಾತಾಡುವ ಕ್ಷಣಗಳಿವೆ. ಆಗ ಆ ತೆಳ್ಳನೆಯ ಮುಖ ನಿಜಕ್ಕೂ ಹೆದರಿಸುತ್ತದೆ.

ಜ್ಯಾಕ್ ನಿಕಲ್ಸನ್ ಇದ್ದಾರಂತೆ, ಎಲ್ಲಿ?

ಕೊಲೆಗಾರರ ಚಾಲಕನಾಗಿ, ಕೆಲವೇ ಕ್ಷಣ. ಗುಂಡುಗಳಿಗೆ ಬೆಳ್ಳುಳ್ಳಿ ಉಜ್ಜಿದರೆ ರಕ್ತ ನಂಜಾಗುತ್ತದೆ ಎಂದು ವಿವರಿಸುವ ಕರ್ಕಶ ಕಂಠದವನನ್ನು ಗಮನಿಸಿ. ಬೆಳ್ಳುಳ್ಳಿಯ ಈ ನಂಬಿಕೆ ಕಪೋನ್‌ನ ಹಂತಕರಾದ ಜಾನ್ ಸ್ಕಲೀಸ್ ಮತ್ತು ಆಲ್ಬರ್ಟ್ ಅನ್ಸೆಲ್ಮಿ ಜೋಡಿಯ ಬಗ್ಗೆ ಆ ಕಾಲದಲ್ಲಿ ಪ್ರಚಲಿತವಿದ್ದ ಮಾತೇ. ನಿಕಲ್ಸನ್ ಆಗಿನ್ನೂ ಕಾರ್ಮನ್ ಬಳಗದ ಸಣ್ಣಪುಟ್ಟ ಪಾತ್ರಗಳ ನಟ.

ಹೆಣ್ಣು ಪಾತ್ರಗಳಿಗೆ ಜಾಗವಿದೆಯೇ?

ಕಡಿಮೆ, ಮತ್ತು ಇದು ಚಿತ್ರದ ನಿಜವಾದ ಕೊರತೆ. ಪೀಟರ್ ಗುಸೆನ್‌ಬರ್ಗ್ ಮತ್ತು ಅವನ ಗೆಳತಿ ಮರ್ಟಲ್ ನಡುವೆ ದುಬಾರಿ ತುಪ್ಪಳದ ಕೋಟಿಗಾಗಿ ನಡೆಯುವ ಹೊಡೆದಾಟ ಹೆಸರುವಾಸಿ. ಮರ್ಟಲ್ ಪಾತ್ರದ ಜೀನ್ ಹೇಲ್ ಅವರು ಸೀಗಲ್‌ಗೆ ಸರಿಸಮನಾಗಿ ನಿಲ್ಲುತ್ತಾರೆ, ದೃಶ್ಯಕ್ಕೆ ಕಸುವಿದೆ. ಆದರೆ ಮಿಕ್ಕ ಹೆಂಗಸರು ಬಂದುಹೋಗುತ್ತಾರೆ. ಆ ಏಳು ಜನರ ಮನೆಗಳಲ್ಲಿ ಸುದ್ದಿ ಕೇಳಿದ ಹೆಂಗಸರಿದ್ದರು. ಅವರತ್ತ ಚಿತ್ರ ಇನ್ನಷ್ಟು ತಿರುಗಿ ನೋಡಬೇಕಿತ್ತು.

ಇದನ್ನು ಶಿಕಾಗೊದಲ್ಲೇ ಚಿತ್ರೀಕರಿಸಿದರೇ?

ಇಲ್ಲ, ಹಾಲಿವುಡ್ ಸ್ಟುಡಿಯೊಗಳ ಬಯಲು ಸೆಟ್ಟುಗಳಲ್ಲಿ. ಹೊಸದಾಗಿ ಕಟ್ಟಿಸುವ ಬದಲು ಫಾಕ್ಸ್ ಅಂಗಳದಲ್ಲಿ ಬೇರೆ ಚಿತ್ರಗಳಿಗಾಗಿ ನಿಂತಿದ್ದ ಸೆಟ್ಟುಗಳನ್ನೇ ಕಾರ್ಮನ್ ಮರುಬಳಕೆ ಮಾಡಿದರು. ದೊಡ್ಡ ಹಣ ಕೈಗೆ ಬಂದರೂ ಅವರ ಹಳೆಯ ಮಿತವ್ಯಯ ಬಿಡಲಿಲ್ಲ. ಛಾಯಾಗ್ರಾಹಕ ಮಿಲ್ಟನ್ ಕ್ರಾಸ್ನರ್ ಅವರ ಅಗಲ ಪರದೆಯ ಚೌಕಟ್ಟುಗಳಲ್ಲಿ ಆ ಉಳಿತಾಯ ಎಲ್ಲಿಯೂ ಎದ್ದು ಕಾಣುವುದಿಲ್ಲ.

ಇಷ್ಟು ಒಳ್ಳೆಯದಾಗಿದ್ದರೆ ಜನ ಯಾಕೆ ಮರೆತರು?

ಕಾಲದ ಹೊಡೆತ ಮೊದಲನೆಯದು. ಇದು ಬಂದು ಎರಡು ತಿಂಗಳಾಗುವ ಮೊದಲೇ, 1967ರ ಆಗಸ್ಟ್‌ನಲ್ಲಿ, ‘ಬಾನಿ ಆ್ಯಂಡ್ ಕ್ಲೈಡ್’ ಬಂತು. ಚೆಲುವಾದ ಇಬ್ಬರು ಕಳ್ಳರು, ಪ್ರೇಮ, ಬಂಡಾಯ. ಆ ವರ್ಷದ ಯುವಕರಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. 1972ರಲ್ಲಿ ‘ದಿ ಗಾಡ್‌ಫಾದರ್’ ಬಂದ ಮೇಲೆ ಪ್ರೇಕ್ಷಕರು ಪಾತಕಿಗಳ ಕಥೆಯಲ್ಲಿ ಕುಟುಂಬ, ನಿಷ್ಠೆ, ಗಾಂಭೀರ್ಯವನ್ನು ಹುಡುಕತೊಡಗಿದರು. ಕಾರ್ಮನ್ ಚಿತ್ರದಲ್ಲಿ ಪ್ರೀತಿಸಲು ಒಬ್ಬ ನಾಯಕನಿಲ್ಲ, ಮೆಚ್ಚಲು ಒಂದು ಮನೆತನವಿಲ್ಲ.

ಎರಡನೆಯದು, ನಿರೂಪಕನ ಧ್ವನಿ ಆ ಕಾಲದ ಜನರಿಗೆ ಟೆಲಿವಿಷನ್ ನೆನಪಿಸಿತು. ಇದೇ ಕಪೋನ್ ಕಾಲದ ಕಥೆಗಳ ‘ದಿ ಅನ್‌ಟಚಬಲ್ಸ್’ ಧಾರಾವಾಹಿ 1959ರಿಂದ 1963ರವರೆಗೆ ಹೀಗೆಯೇ ನಿರೂಪಕನೊಂದಿಗೆ ಮನೆಮನೆಗೆ ಬಂದಿತ್ತು. ಹಣ ಕೊಟ್ಟು ಚಿತ್ರಮಂದಿರಕ್ಕೆ ಹೋಗಿ ಅದನ್ನೇ ನೋಡಬೇಕೇ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಾರ್ಮನ್ ಹೆಸರೂ ಅಡ್ಡಬಂದಿರಬೇಕು; ಅಗ್ಗದ ಚಿತ್ರಗಳವರೆಂದು ಅವರನ್ನು ವಿಮರ್ಶಕರು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. 2009ರಲ್ಲಿ ಅವರಿಗೆ ಗೌರವ ಆಸ್ಕರ್ ಸಿಕ್ಕಿತು. 2024ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳು ಅವರು ಬೆಳೆಸಿದ ನಿರ್ದೇಶಕರನ್ನು ಧಾರಾಳವಾಗಿ ಸ್ಮರಿಸಿದವು. ಈ ಚಿತ್ರಕ್ಕೂ ಅಷ್ಟೇ ಜಾಗ ಸಿಗಬೇಕಿತ್ತು.

ಮಕ್ಕಳೊಂದಿಗೆ ನೋಡಬಹುದೇ?

ಬೇಡ. ರಕ್ತ ಇಂದಿನ ಚಿತ್ರಗಳಷ್ಟು ಇಲ್ಲದಿದ್ದರೂ ಕೊಲೆಗಳು ಒಂದರ ಮೇಲೊಂದು ಬರುತ್ತವೆ. ಗೋಡೆಯ ದೃಶ್ಯ ದೊಡ್ಡವರಿಗೂ ಕಷ್ಟವೇ.

ಆ ಗ್ಯಾರೇಜ್ ಈಗಲೂ ಇದೆಯೇ?

ಇಲ್ಲ. ಚಿತ್ರ ಬಂದ 1967ರಲ್ಲೇ ಅದನ್ನು ಕೆಡವಿದರು. ಈಗ ಆ ಜಾಗ ಪಕ್ಕದ ವೃದ್ಧಾಶ್ರಮಕ್ಕೆ ಸೇರಿದ ಖಾಲಿ ಅಂಗಳ. ಏಳು ಜನ ನಿಂತಿದ್ದ ಗೋಡೆಯ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿಯೊಬ್ಬರು ಕೊಂಡುಕೊಂಡರು. ಅದೇ ಗೋಡೆ ಕೆಲಕಾಲ ಒಂದು ಮನರಂಜನಾ ಕ್ಲಬ್ಬಿನ ಗಂಡಸರ ಶೌಚಾಲಯದಲ್ಲಿತ್ತು ಎಂಬುದನ್ನು ಓದಿದಾಗ ನನಗೆ ಬಹಳ ಬೇಸರವಾಯಿತು. ಈಗ ಲಾಸ್ ವೇಗಸ್‌ನ ಮಾಬ್ ಮ್ಯೂಸಿಯಂನಲ್ಲಿ, 2012ರ ಫೆಬ್ರುವರಿ 14ರಂದು ತೆರೆದ ಆ ಸಂಗ್ರಹಾಲಯದಲ್ಲಿ, ಉಳಿದ ಇಟ್ಟಿಗೆಗಳನ್ನು ಜೋಡಿಸಿ ಪ್ರದರ್ಶಿಸಿದ್ದಾರೆ.

ಇದೇ ಘಟನೆ ಬೇರೆ ಚಿತ್ರಗಳಲ್ಲೂ ಇದೆಯಲ್ಲ?

ಇದೆ. 1932ರ ‘ಸ್ಕಾರ್‌ಫೇಸ್’ ಅದನ್ನು ಗೋಡೆಯ ಮೇಲಿನ ನೆರಳುಗಳಲ್ಲಿ ತೋರಿಸಿತು. 1959ರ ‘ಸಮ್ ಲೈಕ್ ಇಟ್ ಹಾಟ್’ ಎಂಬ ಹಾಸ್ಯಚಿತ್ರದ ಕಥೆ ಶುರುವಾಗುವುದೇ ಇಂಥ ಹತ್ಯೆಯನ್ನು ಕಂಡ ಇಬ್ಬರು ಸಂಗೀತಗಾರರ ಪರಾರಿಯಿಂದ. ಎರಡೂ ದೊಡ್ಡ ಚಿತ್ರಗಳೇ. ಸತ್ತವರ ಹೆಸರು ಕೇಳಬೇಕೆಂದರೆ ಮಾತ್ರ ಕಾರ್ಮನ್ ಬಳಿಗೇ ಬರಬೇಕು.

ಮೊದಲ ಸಲ ನೋಡುವವರಿಗೆ ಏನಾದರೂ ಸಲಹೆ?

ಆರಂಭದಲ್ಲಿ ಹೆಸರುಗಳು ರಾಶಿ ರಾಶಿ ಬಂದು ಬೀಳುತ್ತವೆ, ಇಟಲಿಯವು, ಐರಿಷ್, ಜರ್ಮನ್, ಪೋಲಿಷ್ ಮೂಲದವು. ಎಲ್ಲವನ್ನೂ ನೆನಪಿಡಲು ಹೆಣಗಬೇಡಿ. ಮೊರಾನ್, ಗುಸೆನ್‌ಬರ್ಗ್, ವೈನ್‌ಶಾಂಕ್, ಮೇ ಎಂಬ ನಾಲ್ಕು ಹೆಸರು ಹಿಡಿದರೆ ಸಾಕು, ಕಪೋನ್ ತಾನೇ ನೆನಪಿರುತ್ತಾನೆ. ಹಿಂದಿನ ಕಾಲಕ್ಕೆ ಹಾರುವ ದೃಶ್ಯಗಳಲ್ಲಿ ಗೊಂದಲವಾದರೆ ಮೇಲೆ ಕೊಟ್ಟ ತಾರೀಖುಗಳನ್ನು ಒಮ್ಮೆ ನೋಡಿಕೊಳ್ಳಿ. ಮತ್ತು ದಯವಿಟ್ಟು ಇದನ್ನು ತುಂಡು ತುಂಡಾಗಿ ನೋಡಬೇಡಿ. ನೂರು ನಿಮಿಷ ಒಟ್ಟಿಗೆ ಬಿಡುವು ಮಾಡಿಕೊಂಡು ಕೂತರೆ ಮಾತ್ರ ನಿರೂಪಕ ಕಟ್ಟುತ್ತಾ ಹೋಗುವ ಆ ಬೆಳಗಿನ ಒತ್ತಡ ನಿಮ್ಮನ್ನು ಮುಟ್ಟುತ್ತದೆ.